ನಾಲ್ಕು ಚದರದ ಮನೆ

ಬೆಂಗಳೂರು, ಮೈಸೂರು, ತುಮಕೂರಿನ ಕಡೆ ಮನೆ ಕಟ್ಟುವ ಮಾತು ಶುರುವಾಗುವುದೇ ‘ಎಷ್ಟು ಚದರ?’ ಎಂಬ ಪ್ರಶ್ನೆಯಿಂದ. ನೂರು ಚದರ ಅಡಿಗೆ ಒಂದು ಚದರ. ಮೇಸ್ತ್ರಿ ಚದರಕ್ಕೆ ಇಷ್ಟು ಎಂದು ದರ ಹೇಳುತ್ತಾರೆ, ಮನೆಯವರು ಕೈಯಲ್ಲಿರುವ ದುಡ್ಡನ್ನು ಆ ದರದಿಂದ ಭಾಗಿಸುತ್ತಾರೆ, ಬಂದ ಉತ್ತರವೇ ಮನೆಯ ಅಳತೆ. ಹತ್ತು ಹನ್ನೆರಡು ಚದರದ ಮನೆಗೆ ಈ ಲೆಕ್ಕ ಹೆಚ್ಚುಕಡಿಮೆ ನಡೆಯುತ್ತದೆ. ನಾಲ್ಕು ಚದರದ ಮನೆಗೆ ನಡೆಯುವುದಿಲ್ಲ. ಸಣ್ಣ ಮನೆಗೂ ಒಂದು ಅಡುಗೆಮನೆ, ಒಂದು ಬಚ್ಚಲು, ಒಂದು ಕಕ್ಕಸು, ಒಂದು ಸಂಪು, ಒಂದು ಮುಂಬಾಗಿಲು, ಒಂದು ಕರೆಂಟು ಮೀಟರು ಬೇಕೇ ಬೇಕು. ಮನೆ ಅರ್ಧವಾಯಿತೆಂದು ಇವು ಅರ್ಧವಾಗುವುದಿಲ್ಲ. ದುಬಾರಿ ಭಾಗಗಳೆಲ್ಲ ಹಾಗೇ ಉಳಿದು, ಎಲ್ಲಕ್ಕಿಂತ ಅಗ್ಗದ ಭಾಗವಾದ ಖಾಲಿ ನೆಲ ಮಾತ್ರ ಕಡಿಮೆಯಾಗುತ್ತದೆ. ಹೀಗಾಗಿ ಮನೆ ಚಿಕ್ಕದಾದಷ್ಟೂ ಚದರದ ದರ ಏರುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಪಾಯ ಹಾಕಿದವರ ದುಡ್ಡು ಲಿಂಟಲ್ ಮಟ್ಟಕ್ಕೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಯಾವ ಊರಿನ ಹೊಸ ಬಡಾವಣೆಗೆ ಹೋದರೂ ತಾರಸಿ ಕಾಣದೆ ಪಾಚಿ ಕಟ್ಟಿ ನಿಂತ ಗೋಡೆಗಳು ಕಣ್ಣಿಗೆ ಬೀಳುತ್ತವೆ.

ಇಂಥವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ, ಅಗ್ಗದ ಸಾಮಾನು ಹಾಕಿ ಎನ್ನುವುದು. ಸಿಮೆಂಟು ಸ್ವಲ್ಪ ಕಡಿಮೆ, ಕಂಬಿ ಸ್ವಲ್ಪ ತೆಳು, ಟೈಲ್ಸ್ ಎರಡನೇ ದರ್ಜೆಯದು. ಈ ದಾರಿಯಲ್ಲಿ ಉಳಿಯುವ ದುಡ್ಡು ಕಡಿಮೆ, ಆಮೇಲೆ ರಿಪೇರಿಗೆ ತೆರಬೇಕಾದದ್ದು ಹೆಚ್ಚು. ಸಣ್ಣ ಮನೆಯ ಖರ್ಚು ಬಹುಮಟ್ಟಿಗೆ ತೀರ್ಮಾನವಾಗುವುದು ಗುದ್ದಲಿ ಪೂಜೆಗೆ ಮುಂಚೆ, ನಕ್ಷೆಯ ಕಾಗದದ ಮೇಲೆ. ಗೋಡೆ ಎಷ್ಟು ಉದ್ದ, ಮೂಲೆಗಳೆಷ್ಟು, ಬಾಗಿಲುಗಳೆಷ್ಟು, ನೀರಿನ ಪೈಪು ಎಷ್ಟು ದೂರ ಹೋಗಬೇಕು, ತಾರಸಿ ಎಷ್ಟು ಅಗಲ ದಾಟಬೇಕು ಎಂಬುದೆಲ್ಲ ಅಲ್ಲಿ ನಿಶ್ಚಯವಾದ ಮೇಲೆ ಅಂಗಡಿಯಲ್ಲಿ ಮಾಡುವ ಚೌಕಾಸಿಗೆ ಉಳಿಯುವ ಜಾಗ ಕಡಿಮೆ. ಇದಕ್ಕೂ ದೊಡ್ಡ ತೀರ್ಮಾನ ಇನ್ನೊಂದಿದೆ: ಈಗ ಏನು ಕಟ್ಟುವುದು, ಐದು ವರ್ಷ ಬಿಟ್ಟು ಏನು ಕಟ್ಟುವುದು. ದುಡ್ಡು ಕಡಿಮೆ ಇರುವ ಕುಟುಂಬ ಇಡೀ ಮನೆಯನ್ನು ಕಳಪೆಯಾಗಿ ಕಟ್ಟುವ ಬದಲು, ಬೆಳೆಯಲು ದಾರಿ ಬಿಟ್ಟು ಅರ್ಧ ಮನೆಯನ್ನು ಗಟ್ಟಿಯಾಗಿ ಕಟ್ಟುವುದೇ ಸರಿ. ಹಾಗೆ ಕಟ್ಟುವವರ ಬೆನ್ನಿಗೆ ಸರ್ಕಾರದ ವಸತಿ ಯೋಜನೆಗಳು ನಿಲ್ಲಬೇಕು ಎಂಬುದು ಈ ಲೇಖನದ ವಾದ.

ಮೊದಲು ಗೋಡೆಯ ಲೆಕ್ಕ. ನಾಲ್ಕು ಚದರದ ಮನೆಯನ್ನು 20 ಅಡಿಗೆ 20 ಅಡಿಯ ಚೌಕವಾಗಿ ಕಟ್ಟಿದರೆ ಸುತ್ತಲಿನ ಗೋಡೆ 80 ಅಡಿ. ಅದೇ ನಾಲ್ಕು ಚದರವನ್ನು 10 ಅಡಿಗೆ 40 ಅಡಿಯ ಉದ್ದ ಮನೆ ಮಾಡಿದರೆ ಗೋಡೆ 100 ಅಡಿ. ನೆಲ ಒಂದಿಷ್ಟೂ ಹೆಚ್ಚಲಿಲ್ಲ. ಪಾಯ, ಇಟ್ಟಿಗೆ, ಗಾರೆ, ಬಣ್ಣ ಮಾತ್ರ ಹೊರಸುತ್ತಿನಲ್ಲಿ ಕಾಲು ಪಾಲು ಹೆಚ್ಚಿದವು. ಚೌಕದ ಒಂದು ಮೂಲೆಯಲ್ಲಿ ‘ಎಲಿವೇಶನ್ ಚೆನ್ನಾಗಿ ಕಾಣಲಿ’ ಎಂದು ನಾಲ್ಕಡಿಗೆ ನಾಲ್ಕಡಿ ಒಳಕ್ಕೆ ತೆಗೆದುಕೊಂಡರೆ ಗೋಡೆಯ ಉದ್ದ 80 ಅಡಿಯೇ ಉಳಿಯುತ್ತದೆ, ನೆಲ ಮಾತ್ರ 16 ಚದರ ಅಡಿ ಕಳೆದುಹೋಗುತ್ತದೆ, ಜೊತೆಗೆ ಎರಡು ಮೂಲೆಗಳ ಕೆಲಸ ಹೆಚ್ಚುತ್ತದೆ. ಗೋಡೆಯ ದಪ್ಪವೂ ಹೀಗೆಯೇ. ಹೊರಗಿಂದ 20 ಅಡಿ ಚೌಕವಿರುವ ಮನೆಗೆ ಒಂಬತ್ತಿಂಚಿನ ಗೋಡೆ ಹಾಕಿದರೆ ಒಳಗೆ ಸಿಗುವುದು 342 ಚದರ ಅಡಿ, ಆರಿಂಚಿನ ಗೋಡೆ ಹಾಕಿದರೆ 361. ನಡುವಿನ 19 ಚದರ ಅಡಿ ಎಂದರೆ ಒಂದು ಪುಟ್ಟ ಬಚ್ಚಲಿನಷ್ಟು ಜಾಗ. ಚದರ ಅಡಿಗೆ 2,000 ರೂಪಾಯಿ ಎಂದು ಹಿಡಿದರೂ ಅದರ ಬೆಲೆ 38 ಸಾವಿರ ರೂಪಾಯಿ. ಆರಿಂಚು ಭಾರ ಹೊರಲು ಸಾಕೇ, ಪಡುವಣ ಬಿಸಿಲಿಗೆ ತಡೆಯುತ್ತದೆಯೇ ಎಂದು ಎಂಜಿನಿಯರನ್ನು ಕೇಳಿಯೇ ತೀರ್ಮಾನಿಸಬೇಕು. ಆದರೆ ಕೇಳುವ ಗೋಜಿಗೇ ಹೋಗದೆ ಎಲ್ಲ ಗೋಡೆಯನ್ನೂ ಒಂಬತ್ತಿಂಚು ಮಾಡುವುದು ರೂಢಿಯಾಗಿಬಿಟ್ಟಿದೆ.

ಬಾಗಿಲುಗಳನ್ನೂ ನೋಡಬೇಕು. ಮೂರಡಿ ಅಗಲದ ಬಾಗಿಲು ತೆರೆದು ಮುಚ್ಚುವಾಗ ನೆಲದ ಮೇಲೆ ಕಾಲು ವೃತ್ತ ಬಳಿಯುತ್ತದೆ. ಆ ಏಳು ಚದರ ಅಡಿಯಲ್ಲಿ ಏನನ್ನೂ ಇಡುವಂತಿಲ್ಲ. ಐದು ಬಾಗಿಲಿದ್ದರೆ 35 ಚದರ ಅಡಿ ಹೋಯಿತು. ಮೂರಡಿ ಅಗಲ, ಹತ್ತಡಿ ಉದ್ದದ ಓಣಿಯೊಂದು ಮನೆಯೊಳಗೆ ಸೇರಿಕೊಂಡರೆ ಇನ್ನೂ 30 ಹೋಯಿತು. ಒಳಗೇ ಮೆಟ್ಟಿಲು ಇಟ್ಟರೆ 45-50 ಚದರ ಅಡಿ ಹೋಯಿತು. ಹೀಗೆ ಕೂಡಿಸುತ್ತ ಹೋದರೆ ನಾಲ್ಕು ಚದರದಲ್ಲಿ ಒಂದು ಚದರಕ್ಕೂ ಹೆಚ್ಚು ಜಾಗ ಯಾರೂ ಕೂರದ, ಯಾರೂ ಮಲಗದ, ಆದರೂ ಪಾಯ-ತಾರಸಿಯ ಖರ್ಚನ್ನು ಪೂರ್ತಿ ತಿಂದ ಜಾಗವಾಗುತ್ತದೆ. ಮೆಟ್ಟಿಲನ್ನು ಹೊರಗಿಡುವುದು, ಓಣಿಯನ್ನು ಬಿಟ್ಟುಬಿಡುವುದು, ಬಚ್ಚಲಿಗೂ ಕೋಣೆಗೂ ಮಾತ್ರ ಬಾಗಿಲಿಟ್ಟು ಉಳಿದೆಡೆ ತೆರಪು ಬಿಡುವುದು, ಇಷ್ಟರಿಂದಲೇ ಉಳಿಯುವ ದುಡ್ಡು ಸಿಮೆಂಟಿನ ಬ್ರ್ಯಾಂಡು ಬದಲಿಸಿ ಉಳಿಸುವುದಕ್ಕಿಂತ ಎಷ್ಟೋ ಹೆಚ್ಚು.

ನಿಜವಾದ ತೊಂದರೆ ಇರುವುದು ಸಣ್ಣ ಮನೆಯನ್ನು ದೊಡ್ಡ ಮನೆಯ ಕುಗ್ಗಿಸಿದ ನಕಲಾಗಿ ಯೋಚಿಸುವುದರಲ್ಲಿ. ಹಾಲು, ಡೈನಿಂಗು, ಎರಡು ಬೆಡ್‌ರೂಮು, ಅಟ್ಯಾಚ್ಡ್ ಬಾತ್‌ರೂಮು, ಪೂಜಾ ಕೋಣೆ, ಯುಟಿಲಿಟಿ ಎಂಬ ಪಟ್ಟಿಯನ್ನು ಹಾಗೇ ಇಟ್ಟುಕೊಂಡು ಒಂದೊಂದನ್ನೂ ಇಕ್ಕಟ್ಟು ಮಾಡುತ್ತ ಹೋದರೆ, ಕೊನೆಗೆ ಉಳಿಯುವುದು ಯಾವುದಕ್ಕೂ ಬಾರದ ಆರು ಗೂಡುಗಳು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ 9.5 ಚದರ ಮೀಟರ್ ಕನಿಷ್ಠ ಎನ್ನುತ್ತದೆ, ಅಂದರೆ ನೂರು ಚದರ ಅಡಿಗಿಂತ ತುಸು ಹೆಚ್ಚು, ಅಗಲ 2.4 ಮೀಟರಿಗೆ ಕಡಿಮೆ ಇರಬಾರದು. ಹತ್ತಡಿಗೆ ಹತ್ತಡಿಯ ಕೋಣೆಯಲ್ಲಿ ಆರಡಿ ಅಗಲದ ಡಬಲ್ ಕಾಟ್ ಇಟ್ಟರೆ ಕೋಣೆಯ ಐದರಲ್ಲಿ ಎರಡು ಪಾಲು ಮುಗಿಯಿತು. ಹಗಲೆಲ್ಲ ಆ ಮಂಚ ಖಾಲಿ. ಹಳೆಯ ಮನೆಗಳ ಪಡಸಾಲೆ ಹಗಲು ಕೂರುವ ಜಾಗ, ಊಟದ ಹೊತ್ತಿಗೆ ಊಟದ ಮನೆ, ರಾತ್ರಿ ಸುತ್ತಿಟ್ಟ ಹಾಸಿಗೆ ಬಿಚ್ಚಿದರೆ ಮಲಗುವ ಮನೆ. ಒಂದೇ ನೆಲ ದಿನಕ್ಕೆ ಮೂರು ಪಾಳಿ ದುಡಿಯುತ್ತಿತ್ತು. ಮಂಡಿನೋವಿನ ಹಿರಿಯರನ್ನು ನೆಲದ ಮೇಲೆ ಮಲಗಿ ಎನ್ನಲಾಗದು, ಓದುವ ಮಕ್ಕಳಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕಡೆ ಬೇಕು, ಗಂಡಹೆಂಡಿರಿಗೆ ಏಕಾಂತ ಬೇಕು. ಹಾಗಾಗಿ ಪಡಸಾಲೆಯ ಗೋಡೆಗುಂಟ ಎರಡೂವರೆ ಅಡಿ ಅಗಲದ, ಕೆಳಗೆ ಪೆಟ್ಟಿಗೆಯಿರುವ ಕಟ್ಟೆ, ಜೊತೆಗೆ ಬಾಗಿಲಿರುವ ಒಂದೇ ಒಂದು ಕೋಣೆ, ಇಷ್ಟು ಮಾಡಿಕೊಂಡರೆ ನಾಲ್ಕು ಜನರ ಸಂಸಾರ ಮರ್ಯಾದೆಯಿಂದ ಬಾಳಬಹುದು. ಬಚ್ಚಲು, ಕಕ್ಕಸನ್ನು ಒಂದೇ ಕೋಣೆ ಮಾಡದೆ ನಡುವೆ ತೆಳುಗೋಡೆ ಎಬ್ಬಿಸಿ, ಕೈತೊಳೆಯುವ ಬೇಸಿನನ್ನು ಹೊರಗಿಟ್ಟರೆ, ಬೆಳಗಿನ ಏಳೂವರೆಗೆ ಮೂವರು ಒಟ್ಟಿಗೆ ತಯಾರಾಗಬಹುದು. ಎರಡನೆಯ ಬಾತ್‌ರೂಮಿನ ಖರ್ಚು ಅಲ್ಲಿಗೆ ಉಳಿಯಿತು.

ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1952ರಲ್ಲಿ ಫ್ರಾನ್ಸಿನ ಕಡಲ ದಂಡೆಯಲ್ಲಿ ತನಗಾಗಿ ಕಟ್ಟಿಕೊಂಡ ಮರದ ಗುಡಿಸಲು 3.66 ಮೀಟರ್ ಚೌಕ, ಅಂದರೆ ಹನ್ನೆರಡಡಿಗೆ ಹನ್ನೆರಡಡಿ. ಸಣ್ಣ ಮನೆಯ ಅಭಿಮಾನಿಗಳು ಅದನ್ನು ಬಹಳ ಮೆಚ್ಚುತ್ತಾರೆ. ಅದರಲ್ಲಿ ಅಡುಗೆಮನೆ ಇರಲಿಲ್ಲ, ಪಕ್ಕದಲ್ಲೇ ಹೋಟೆಲಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು. ಸಣ್ಣ ಮನೆ ಒಳಗಿನ ಜಾಗದಿಂದಷ್ಟೇ ನಡೆಯುವುದಿಲ್ಲ, ಹೊರಗೆ ಅದಕ್ಕೆ ಆಸರೆ ಬೇಕು. ನಮ್ಮಲ್ಲಿ ಆ ಆಸರೆಯೇ ಜಗಲಿ, ಹಿತ್ತಲು, ಪಾತ್ರೆ ತೊಳೆಯುವ ಕಲ್ಲು, ಬಟ್ಟೆ ಒಣಹಾಕುವ ತಾರಸಿ. 20ಕ್ಕೆ 30ರ ಸೈಟಿನಲ್ಲಿ ಗಡಿಯಿಂದ ಗಡಿಗೆ ಕಟ್ಟಿ ಇವನ್ನೆಲ್ಲ ನುಂಗಿದವರಿಗೆ ಎರಡು ಚದರ ಹೆಚ್ಚು ಸಿಗಬಹುದು. ಹಗಲಿನಲ್ಲೂ ಲೈಟು ಹಾಕಿಕೊಂಡು ಕೂರುವ ಕೋಣೆಗಳೂ ಸಿಗುತ್ತವೆ. ನಾಲ್ಕಡಿಯ ಹಿತ್ತಿಲಿಗೆ ತಾರಸಿ ಬೇಡ, ಟೈಲ್ಸ್ ಬೇಡ. ಮನೆಯ ಅತಿ ಅಗ್ಗದ ಕೋಣೆ ಅದೇ.

ಸಾಮಾನಿನ ಮಾತಿಗೆ ಬಂದರೆ, ಈ ವಿಚಾರದಲ್ಲಿ ಕರ್ನಾಟಕ ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವನ್ನು ಹಳ್ಳಿಗಾಡಿನ ಜನ ಬಲ್ಲದ್ದು ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯಿಂದ. ಅದೇ ಕೇಂದ್ರದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ವರ್ಷಗಟ್ಟಲೆ ಕೆಲಸ ಮಾಡಿ ಮಣ್ಣಿನ ಅಚ್ಚಿಟ್ಟಿಗೆಗೆ ಭದ್ರ ಬುನಾದಿ ಹಾಕಿದರು. ಅದನ್ನು ಮಾಡುವ ಕೈಯಂತ್ರದ ಹೆಸರು ‘ಮರ್ದಿನಿ’. ಕರೆಂಟು ಬೇಡ, ಸುಡುವ ಗೂಡು ಬೇಡ.

ಕೆಲಸ ನಡೆಯುವ ಬಗೆ ಹೀಗೆ. ಮೇಲುಮಣ್ಣನ್ನು ಬೇರು-ಕಸದ ಸಮೇತ ತೆಗೆದು ಬದಿಗೆ ಹಾಕಿ, ಕೆಳಗಿನ ಕೆಮ್ಮಣ್ಣನ್ನು ಜರಡಿ ಹಿಡಿಯುತ್ತಾರೆ. ಜೇಡಿ ಹೆಚ್ಚಿದ್ದರೆ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸುತ್ತಾರೆ. ನೂರು ಪಾಲಿಗೆ ಆರರಿಂದ ಎಂಟು ಪಾಲು ಸಿಮೆಂಟು ಹಾಕಿ, ಮಣ್ಣಿನ ಬಣ್ಣ ಎಲ್ಲೆಡೆ ಒಂದೇ ಆಗುವ ತನಕ ಒಣದಾಗಿಯೇ ಕಲಸಿ, ಆಮೇಲೆ ನೀರು ಚಿಮುಕಿಸುತ್ತಾರೆ. ನೀರು ಎಷ್ಟು ಬೇಕು ಎಂಬುದಕ್ಕೆ ಪರೀಕ್ಷೆ ಕೈಯಲ್ಲೇ ಇದೆ: ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ನೆಲಕ್ಕೆ ಬಿಡಬೇಕು. ಪುಡಿಪುಡಿಯಾದರೆ ನೀರು ಸಾಲದು, ಉಂಡೆ ಹಾಗೇ ಕೂತರೆ ಹೆಚ್ಚಾಯಿತು, ನಾಲ್ಕಾರು ತುಂಡಾದರೆ ಹದ ಸರಿ. ಅಳತೆ ಮಾಡಿದ ಮಣ್ಣನ್ನು ಅಚ್ಚಿಗೆ ಸುರಿದು, ಮುಚ್ಚಳ ಹಾಕಿ, ಉದ್ದನೆಯ ಸನ್ನೆಯನ್ನು ಇಬ್ಬರು ಮೈಭಾರ ಬಿಟ್ಟು ಎಳೆದರೆ ಅಚ್ಚಿನಿಂದ ಚೂಪು ಅಂಚಿನ ಇಟ್ಟಿಗೆ ಮೇಲೇಳುತ್ತದೆ. ಆಗ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಬೇಕು, ಬೆರಳೊತ್ತಿದರೆ ಅಂಚು ಉದುರುತ್ತದೆ. ಸಾಲಾಗಿ ಜೋಡಿಸಿ, ಹುಲ್ಲು ಮುಚ್ಚಿ, ಮೂರು ವಾರ ನೀರು ಚಿಮುಕಿಸುತ್ತ ಹೋದರೆ ಗೋಡೆಗೆ ತಯಾರು. ನಾಲ್ಕು ಚದರದ ಮನೆಗೆ ಮೂರರಿಂದ ನಾಲ್ಕು ಸಾವಿರ ಇಟ್ಟಿಗೆ ಸಾಕಾಗಬಹುದು. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಇದಕ್ಕೆ ತಗಲುವ ಇಂಧನ ಅರ್ಧಕ್ಕಿಂತಲೂ ಕಡಿಮೆ. ಗೋಡೆ ನೇರವಾಗಿ, ನುಣುಪಾಗಿ ಬರುವುದರಿಂದ ಗಾರೆಯ ಖರ್ಚನ್ನೂ ಬಿಡಬಹುದು. ಸಂಪಿಗೂ ಪಾಯಕ್ಕೂ ಅಗೆದ ಮಣ್ಣು ಲಾರಿ ಹತ್ತಿ ಹೋಗುವ ಬದಲು ಗೋಡೆಯಾಗುತ್ತದೆ. ಬೆಂಗಳೂರಿನ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಇಂಥ ಮಣ್ಣಿನ ಮನೆಗಳನ್ನು ನಗರದ ಒಳಗೇ ಕಟ್ಟುತ್ತ ಬಂದಿದ್ದಾರೆ.

ಇದರ ಮಿತಿಗಳನ್ನೂ ಹೇಳದೆ ಹೊಗಳುವುದು ತಪ್ಪಾಗುತ್ತದೆ. ಕೋಲಾರ, ತುಮಕೂರು, ಬೆಂಗಳೂರಿನ ಕೆಮ್ಮಣ್ಣಿಗೆ ಒಪ್ಪುವ ಈ ವಿಧಾನ ಧಾರವಾಡ, ಗದಗ, ವಿಜಯಪುರದ ಎರೆಮಣ್ಣಿಗೆ ಹಾಗೇ ಒಪ್ಪುವುದಿಲ್ಲ. ಕರಾವಳಿಯಲ್ಲಿ ಕೆಂಪುಕಲ್ಲು ಕಾಲಬುಡದಲ್ಲೇ ಸಿಗುವಾಗ ಮಣ್ಣಿನ ಇಟ್ಟಿಗೆ ಒತ್ತುವ ಅಗತ್ಯವೂ ಇಲ್ಲ. ಕಲಬುರಗಿಯ ಕಡೆ ನೆಲಕ್ಕೆ ಶಹಾಬಾದ್ ಕಲ್ಲು ಇರುವಾಗ ಗುಜರಾತಿನ ಟೈಲ್ಸ್ ತರಿಸುವುದಕ್ಕೆ ಕಾರಣವಿಲ್ಲ. ಮುಖ್ಯವಾದ ಮಾತೆಂದರೆ, ಕೆಲಸ ಬಲ್ಲ ಕೈಗಳಿಲ್ಲದಿದ್ದರೆ ಯಾವ ಅಗ್ಗದ ತಂತ್ರವೂ ಅಗ್ಗವಾಗಿ ಉಳಿಯುವುದಿಲ್ಲ.

ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಜೀವಮಾನದ ಕೆಲಸ ಇದನ್ನೇ ತೋರಿಸುತ್ತದೆ. 1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ಅಲ್ಲೇ ತೀರಿಕೊಂಡ ಬೇಕರ್ ಇಟ್ಟಿಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ ಕಟ್ಟುವ ರ‍್ಯಾಟ್ ಟ್ರ್ಯಾಪ್ ಗೋಡೆಯನ್ನು ಕೇರಳದಲ್ಲಿ ಮನೆಮಾತು ಮಾಡಿದರು. ಹೊರಗೆ ಮೂರಿಂಚು ಇಟ್ಟಿಗೆ, ಒಳಗೆ ಮೂರಿಂಚು ಇಟ್ಟಿಗೆ, ನಡುವೆ ಮೂರಿಂಚು ಪೊಳ್ಳು. ಗೋಡೆಯ ದಪ್ಪ ಒಂಬತ್ತಿಂಚೇ, ಇಟ್ಟಿಗೆ ಸುಮಾರು ಕಾಲು ಪಾಲು ಉಳಿಯುತ್ತದೆ, ನಡುವಿನ ಗಾಳಿ ಬಿಸಿಲನ್ನೂ ತಡೆಯುತ್ತದೆ. ತಾರಸಿಗೆ ಅವರು ಹೆಚ್ಚಾಗಿ ಬಳಸಿದ್ದು ಫಿಲ್ಲರ್ ಸ್ಲ್ಯಾಬ್. ಕಾಂಕ್ರೀಟು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ತಾರಸಿಯ ಕೆಳಭಾಗದಲ್ಲಿ ಎಳೆತ ಹೊರುವುದು ಕಂಬಿ. ಅಲ್ಲಿರುವ ಕಾಂಕ್ರೀಟು ಬರಿಯ ಭಾರ. ಆ ಜಾಗದಲ್ಲಿ ಕಂಬಿಗಳ ನಡುವೆ ಒಂದರ ಮೇಲೊಂದು ಕವುಚಿದ ಎರಡೆರಡು ಹಳೆಯ ಮಂಗಳೂರು ಹೆಂಚು ಇಟ್ಟು ಮೇಲೆ ಕಾಂಕ್ರೀಟು ಸುರಿದರೆ ಸಿಮೆಂಟು, ಜಲ್ಲಿ ಉಳಿಯುತ್ತವೆ, ತಾರಸಿ ಹಗುರಾಗುತ್ತದೆ. ಬೇಕರ್ ಈ ಕೆಲಸಗಳನ್ನು ನಕ್ಷೆ ಕಳಿಸಿ ಮಾಡಿಸಲಿಲ್ಲ. ಸೈಟಿನಲ್ಲಿ ಗಾರೆಯವರ ಪಕ್ಕದಲ್ಲೇ ನಿಂತು ಕಲಿಸಿದರು, ಓದು ಬಲ್ಲ ಯಾರಿಗಾದರೂ ತಿಳಿಯುವ ಚಿತ್ರಗಳ ಕಿರುಹೊತ್ತಿಗೆಗಳನ್ನು ತಾವೇ ಬರೆದರು. ಕೈ ಪಳಗದ ಮೇಸ್ತ್ರಿಗೆ ಇದೇ ಗೋಡೆಯನ್ನು ಒಪ್ಪಿಸಿದರೆ ಉಳಿಸಿದ ಇಟ್ಟಿಗೆಯ ದುಡ್ಡು ಕೂಲಿಗೆ ಹೋಗುತ್ತದೆ, ಸೊಟ್ಟ ಗೋಡೆ ಮುಚ್ಚಲು ಗಾರೆಗೂ ಹೋಗುತ್ತದೆ.

ಈಗಿನ ಇನ್ನೊಂದು ರೂಢಿ ಕಾಲಂ-ಬೀಮಿನದು. ಒಂದೇ ಅಂತಸ್ತಿನ, ಹತ್ತು ಹನ್ನೆರಡಡಿಯ ಕೋಣೆಗಳ ಮನೆಗೂ ಒಂಬತ್ತು ಕಾಲಂ ಎಬ್ಬಿಸುವುದು ಮಾಮೂಲಾಗಿದೆ. ಗಟ್ಟಿ ನೆಲದ ಮೇಲೆ ಸೈಜುಗಲ್ಲಿನ ಪಾಯ, ಭಾರ ಹೊರುವ ಗೋಡೆ, ಪ್ಲಿಂತ್ ಮಟ್ಟದಲ್ಲೂ ಲಿಂಟಲ್ ಮಟ್ಟದಲ್ಲೂ ಮನೆಯ ಸುತ್ತ ಮುರಿಯದೆ ಸಾಗುವ ಕಾಂಕ್ರೀಟಿನ ಪಟ್ಟಿ, ಇಷ್ಟು ಸರಿಯಾಗಿ ಮಾಡಿದರೆ ಎರಡು ಅಂತಸ್ತಿನ ಸಣ್ಣ ಮನೆಗೆ ಕಾಲಂ ಬೇಕಾಗುವುದು ಅಪರೂಪ. ಕಾಲಮ್ಮಿಗೆ ಹೋಗುವ ಕಂಬಿ, ಸೆಂಟ್ರಿಂಗು, ಫುಟಿಂಗಿನ ದುಡ್ಡನ್ನು ಪಾಯಕ್ಕೂ ತಾರಸಿಯ ನೀರುತಡೆಗೂ ಹಾಕುವುದು ಜಾಣತನ. ಎರೆನೆಲದಲ್ಲಿ ಮಾತ್ರ ಮಾತು ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಪಾಯವನ್ನೇ ಎತ್ತಿ ಇಳಿಸುತ್ತದೆ. ಅಲ್ಲಿ ಎರೆಯನ್ನು ತೆಗೆದು ಗೊರಚು ತುಂಬುವುದೋ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಗುಂಡಾಗಿ ಅಗಲವಾಗುವ ಅಂಡರ್-ರೀಮ್ಡ್ ಪೈಲು ಹಾಕುವುದೋ ಅನಿವಾರ್ಯ. ಗದಗಿನಲ್ಲಿ ಮನೆ ಕಟ್ಟುವವರು ಬಜೆಟ್ಟಿನ ದೊಡ್ಡ ಪಾಲನ್ನು ಕಣ್ಣಿಗೆ ಕಾಣದ ಕಡೆ ಹಾಕಲೇಬೇಕು, ಹಾಕಿ ಮನೆಯನ್ನು ಒಂದು ಚದರ ಚಿಕ್ಕದು ಮಾಡಿಕೊಳ್ಳಲೇಬೇಕು.

ಖರ್ಚಿಲ್ಲದೆ ಸಿಗುವ ಬಲ ಒಂದಿದೆ: ಕ್ಯೂರಿಂಗು. ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಈಗ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಾದರೆ ಹತ್ತು ದಿನ ತೇವ ಆರದಂತೆ ನೋಡಿಕೊಳ್ಳಬೇಕು. ತಾರಸಿಯ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುವುದಕ್ಕೆ ಬೇಕಾದದ್ದು ಮನೆಯವರ ನಿಗಾ. ವಾಸ್ತುವಿನ ವಿಷಯದಲ್ಲೂ ನಿಗಾ ಬೇಕು. ನಂಬುವವರು ಪಾಯಕ್ಕೆ ಮುಂಚೆ ನಕ್ಷೆಯನ್ನೇ ತೋರಿಸಿ ಕೇಳಿಬಿಡಲಿ. ಪೈಪು ಹೂತ ಮೇಲೆ ಅಡುಗೆಮನೆಯನ್ನು ಆಗ್ನೇಯಕ್ಕೆ ತಿರುಗಿಸುವುದು ಸಣ್ಣ ಬಜೆಟ್ಟಿಗೆ ದೊಡ್ಡ ಪೆಟ್ಟು.

ಇನ್ನು ಅರ್ಧ ಮನೆಯ ವಿಚಾರ. ಇಂದೋರಿನ ಅರಣ್ಯ ಬಡಾವಣೆಯನ್ನು ವಾಸ್ತುಶಿಲ್ಪಿ ಬಿ.ವಿ. ದೋಶಿ 1980ರ ದಶಕದಲ್ಲಿ ರೂಪಿಸಿದಾಗ ಬಡವರಿಗೆ ಪೂರ್ತಿ ಮನೆ ಕೊಡುವ ಹಟಕ್ಕೆ ಬೀಳಲಿಲ್ಲ. ಸುಮಾರು 6,500 ನಿವೇಶನಗಳಲ್ಲಿ ಬಹುಪಾಲು ಅತಿ ಬಡವರಿಗೆ, ಒಂದೊಂದೂ ಸುಮಾರು 35 ಚದರ ಮೀಟರಿನದು. ಅದರ ಮೇಲೆ ಪ್ಲಿಂತು, ನೀರು-ಒಳಚರಂಡಿಯ ಸಂಪರ್ಕ, ಕಕ್ಕಸು, ಅನುಕೂಲವಿದ್ದರೆ ಒಂದು ಕೋಣೆ. ಉಳಿದದ್ದನ್ನು ಕುಟುಂಬಗಳು ತಮ್ಮ ಕೈಲಾದಾಗ ಕಟ್ಟಿಕೊಳ್ಳಬೇಕು. ಹೇಗೆ ಬೆಳೆಸಬಹುದು ಎಂದು ತೋರಿಸಲು 80 ಮಾದರಿ ಮನೆಗಳನ್ನು ಕಟ್ಟಿ ನಿಲ್ಲಿಸಿದರು. ಜಗಲಿ, ಹೊರಮೆಟ್ಟಿಲು, ಬಾಲ್ಕನಿ ಎಲ್ಲವೂ ಆ ಮಾದರಿಗಳಲ್ಲಿದ್ದವು. 1995ರಲ್ಲಿ ಅರಣ್ಯಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು, 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಬಂತು.

ಚಿಲಿ ದೇಶದ ಇಕೀಕೆ ಪಟ್ಟಣದಲ್ಲಿ ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೆನಾ ಈ ಯೋಚನೆಯನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. ಊರ ನಡುವಿನ ಜಾಗದಲ್ಲಿ ನೆಲೆಸಿದ್ದ ಸುಮಾರು ನೂರು ಬಡ ಕುಟುಂಬಗಳಿಗೆ ಸರ್ಕಾರ ಕೊಡುತ್ತಿದ್ದದ್ದು ಮನೆಗೆ 7,500 ಡಾಲರ್. ಜಾಗ, ರಸ್ತೆ, ಪೈಪು, ಮನೆ ಎಲ್ಲವೂ ಅದರಲ್ಲೇ ಆಗಬೇಕು. ಜಾಗ ಅಗ್ಗವಾಗಿರುವ ಊರಾಚೆಗೆ ಅವರನ್ನು ಸಾಗಿಸಿದ್ದರೆ ಪೂರ್ತಿ ಮನೆ ಆಗುತ್ತಿತ್ತೋ ಏನೋ. ಕೆಲಸ, ಶಾಲೆ, ಆಸ್ಪತ್ರೆ ದೂರವಾಗುತ್ತಿದ್ದವು. ಅರಾವೆನಾ ಅದೇ ಜಾಗದಲ್ಲಿ ಅರ್ಧ ಮನೆ ಕಟ್ಟಿಸಿದರು. ಬಡ ಕುಟುಂಬಕ್ಕೆ ತಾನಾಗಿ ಮಾಡಿಕೊಳ್ಳಲು ಕಷ್ಟವಾದ ಅರ್ಧ ಅದು: ಚೌಕಟ್ಟು, ತಾರಸಿ, ಮೆಟ್ಟಿಲು, ಬಚ್ಚಲು, ಅಡುಗೆಮನೆ. ಪಕ್ಕದಲ್ಲಿ ಅಷ್ಟೇ ಅಗಲದ ಖಾಲಿ ಬಿಟ್ಟರು. 2004ರ ಕೊನೆಯ ಹೊತ್ತಿಗೆ ಜನ ಒಳಹೊಕ್ಕರು, ಮುಂದಿನ ವರ್ಷಗಳಲ್ಲಿ ಆ ಖಾಲಿಗಳು ಒಂದೊಂದಾಗಿ ಕೋಣೆಗಳಾದವು.

ಈ ವಿಧಾನಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಬಡವರಿಗೆ ಅರ್ಧ ಕೊಟ್ಟು ಸರ್ಕಾರ ಕೈತೊಳೆದುಕೊಳ್ಳುತ್ತದೆ, ಉಳಿದರ್ಧದ ಸಾಲದ ಹೊರೆ ಅವರ ತಲೆಗೇ ಬೀಳುತ್ತದೆ ಎಂಬುದು ಒಂದು. ಎಂಜಿನಿಯರಿಲ್ಲದೆ ಮನೆ ಬೆಳೆಸುವಾಗ ಅಪಾಯ ಬೆಳೆಯುತ್ತದೆ ಎಂಬುದು ಇನ್ನೊಂದು. ಎರಡೂ ನಿಜ. ಆದರೆ ಬಡವರ ಮನೆ ಎಲ್ಲ ಕಡೆಯೂ ಹಂತಹಂತವಾಗಿಯೇ ಕಟ್ಟಾಗುತ್ತಿದೆ, ಇಂದು ಒಂದು ಕೋಣೆ, ಮಗಳ ಮದುವೆ ಮುಗಿದ ಮೇಲೆ ಇನ್ನೊಂದು. ಸರ್ಕಾರ ಒಪ್ಪಿದರೂ ಒಪ್ಪದಿದ್ದರೂ ಅದು ನಿಲ್ಲುವುದಿಲ್ಲ. ಆ ಬೆಳವಣಿಗೆಯನ್ನು ಮೊದಲ ಪಾಯದಲ್ಲೇ ಲೆಕ್ಕ ಹಾಕಿದರೆ ಅಪಾಯ ಕಡಿಮೆಯಾಗುತ್ತದೆ, ಲೆಕ್ಕ ಹಾಕದಿದ್ದರೆ ಮೂರಡಿ ಪಾಯದ ಮೇಲೆ ಮೂರನೇ ಅಂತಸ್ತು ಏಳುತ್ತದೆ.

ನಮ್ಮ ಯೋಜನೆಗಳು ಈ ದಿಕ್ಕಿನಲ್ಲಿ ಯೋಚಿಸಿದ್ದು ಕಡಿಮೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಮನೆಯ ಕನಿಷ್ಠ ಅಳತೆಯನ್ನು 20ರಿಂದ 25 ಚದರ ಮೀಟರಿಗೆ ಏರಿಸಿತು, ಅಂದರೆ ಸುಮಾರು 270 ಚದರ ಅಡಿ. ಬಯಲುಸೀಮೆಗೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ, ಗುಡ್ಡಗಾಡಿಗೆ 1.30 ಲಕ್ಷ. ಪಾಯ, ಗೋಡೆ, ತಾರಸಿ ಎಂದು ಹಂತ ನೋಡಿ, ಫೋಟೊ ತೆಗೆದು ಕಂತು ಬಿಡುಗಡೆ ಮಾಡುತ್ತಾರೆ. ಕಂತಿನ ಲೆಕ್ಕ ಇಷ್ಟು ಬಿಗಿಯಾಗಿದೆ, ನಕ್ಷೆಯ ನೆರವು ಅಷ್ಟೇ ಸಡಿಲ. ಹವೆ, ಮಣ್ಣು, ಸ್ಥಳೀಯ ಸಾಮಾನಿಗೆ ತಕ್ಕ ಮನೆಗಳ ‘ಪಹಲ್’ ಎಂಬ ಸಂಕಲನವನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ತಂದಿದೆ. ಅದರಲ್ಲಿರುವ ತಿಳಿವಳಿಕೆ ಕಂತಿನ ಫೋಟೊ ತೆಗೆಯಲು ಬರುವ ಸಿಬ್ಬಂದಿಯ ಜೊತೆಗೇ ಹಳ್ಳಿಗೆ ಬರಬೇಕಿತ್ತು.

ಕರ್ನಾಟಕದಲ್ಲಿ ಇದಕ್ಕೆ ಹೊಸ ಸಂಸ್ಥೆ ಹುಟ್ಟುಹಾಕುವ ಅಗತ್ಯವಿಲ್ಲ. ನಿರ್ಮಿತಿ ಕೇಂದ್ರಗಳ ಮೂಲವೇ ಈ ಉದ್ದೇಶ. ಕೇರಳದ ಕೊಲ್ಲಂನಲ್ಲಿ 1986ರಲ್ಲಿ ಮೊದಲ ಕೇಂದ್ರ ಶುರುವಾದದ್ದು, ಆಮೇಲೆ ಹುಡ್ಕೋ ನೆರವಿನಿಂದ ದೇಶವೆಲ್ಲ ಹಬ್ಬಿದ್ದು, ಅಗ್ಗದ ಕಟ್ಟಡ ಸಾಮಾನು ತಯಾರಿಸಿ ಕೊಡಲು, ಗಾರೆಯವರಿಗೆ ಹೊಸ ಕೆಲಸ ಕಲಿಸಲು. ನಮ್ಮ ಜಿಲ್ಲೆಗಳಲ್ಲೂ ಅವು ಇವೆ. ಆದರೆ ಜನರಿಗೆ ಅವುಗಳ ಪರಿಚಯ ಶಾಲಾ ಕೊಠಡಿ, ಅಂಗನವಾಡಿ, ಸಮುದಾಯ ಭವನ ಕಟ್ಟಿಸುವ ಸಂಸ್ಥೆಯೆಂದು. ವಸತಿ ಯೋಜನೆಯ ಪಟ್ಟಿಯಲ್ಲಿ ಹೆಸರು ಬಂದ ಕುಟುಂಬವೊಂದು ಅಲ್ಲಿಗೆ ಹೋಗಿ ‘ನಮ್ಮ ಸೈಟು ಇಂಥದ್ದು, ಕೈಯಲ್ಲಿ ಇಷ್ಟಿದೆ, ಎರಡು ಹಂತದ ನಕ್ಷೆ ಹಾಕಿಕೊಡಿ’ ಎಂದು ಕೇಳುವಂತಾದರೆ ಆ ಕೇಂದ್ರಗಳು ತಮ್ಮ ಮೂಲ ಕೆಲಸಕ್ಕೆ ಮರಳಿದಂತೆ. ತಾಲೂಕಿಗೊಬ್ಬ ಎಂಜಿನಿಯರು, ಅವರ ಕೈಕೆಳಗೆ ಮಣ್ಣಿನ ಇಟ್ಟಿಗೆ, ಫಿಲ್ಲರ್ ಸ್ಲ್ಯಾಬ್ ಬಲ್ಲ ಹತ್ತು ಗಾರೆಯವರು, ಬಾಡಿಗೆಗೆ ಕೊಡಲು ಎರಡು ಮರ್ದಿನಿ ಯಂತ್ರ, ಊರೂರಿನ ಮಣ್ಣಿಗೆ ತಕ್ಕ ನಾಲ್ಕಾರು ನಕ್ಷೆ ಸಾಕು.

ಆ ಎಂಜಿನಿಯರು ನೋಡಬೇಕಾದದ್ದು ಸಣ್ಣಸಣ್ಣ ಸಂಗತಿಗಳನ್ನೇ. ಮುಂದೆ ಮೇಲೆ ಕೋಣೆ ಬರುವುದಾದರೆ ಇಂದೇ ಪಾಯ ಅದಕ್ಕೆ ತಕ್ಕಷ್ಟು ಅಗಲವಿದೆಯೇ. ಹೊರಮೆಟ್ಟಿಲಿಗೆ ಜಾಗ ಬಿಟ್ಟಿದ್ದಾರೆಯೇ. ಪಕ್ಕದ ಗೋಡೆಯಲ್ಲಿ ಮುಂದಿನ ಬಾಗಿಲಿಗೆ ಈಗಲೇ ಲಿಂಟಲ್ ಹಾಕಿ ಕೆಳಗೆ ಇಟ್ಟಿಗೆ ತುಂಬಿದ್ದಾರೆಯೇ. ಹಾಗಿದ್ದರೆ ಬೇಕಾದಾಗ ತುಂಬಿದ ಇಟ್ಟಿಗೆ ತೆಗೆದರಾಯಿತು, ಗೋಡೆ ಒಡೆಯಬೇಕಾಗಿಲ್ಲ. ತಾರಸಿಯ ಇಳಿಜಾರು ಸಂಪಿನ ಕಡೆಗೇ ಇದೆಯೇ. ನಾಲ್ಕು ಚದರದ ತಾರಸಿಯ ಮೇಲೆ ಬೆಂಗಳೂರಿನಂಥ ಊರಲ್ಲಿ ವರ್ಷಕ್ಕೆ ಸುಮಾರು 36 ಸಾವಿರ ಲೀಟರ್ ಮಳೆನೀರು ಬೀಳುತ್ತದೆ. ಎರೆನೆಲದಲ್ಲೋ ಭೂಕಂಪದ ಅಪಾಯವಿರುವ ಕಡೆಯೋ ಕಾಲಂ ಹಾಕಲೇಬೇಕಾಗಿ ಬಂದಿದ್ದರೆ, ಮುಂದಿನ ಅಂತಸ್ತಿಗೆಂದು ಮೇಲೆ ಬಿಟ್ಟ ಕಂಬಿಗಳಿಗೆ ಸಿಮೆಂಟಿನ ಗಂಜಿ ಬಳಿದು, ಬಡ ಕಾಂಕ್ರೀಟು ಮುಚ್ಚಿದ್ದಾರೆಯೇ. ಬಿಸಿಲು ಮಳೆಗೆ ಏಳೆಂಟು ವರ್ಷ ಬರಿದಾಗಿ ನಿಂತ ಕಂಬಿಗೆ ತುಕ್ಕು ತಿಂದು ಹೊಸ ಕಂಬಿಯ ಬಲ ಉಳಿಯುವುದಿಲ್ಲ, ಮಹಡಿ ಎಬ್ಬಿಸುವ ದಿನ ತಾರಸಿಯನ್ನೇ ಅಗೆದು ಮತ್ತೆ ಕಂಬಿ ಕಟ್ಟಬೇಕಾಗುತ್ತದೆ.